ಸ್ವೀಡನ್ನಿಗೆ ಹೋದ ಪಡ್ಡಿನ ಹಂಚು

ಗುಡಗೇರಿ

ಅರವತ್ತೆಂಟು ವರ್ಷಗಳ ಕಾಲ ನಾನು ಪರದೇಶಕ್ಕೆ ಹೋಗದೆ ಇದ್ದೆ. ಅದರಿಂದ ನನಗಾಗಲಿ ಪರದೇಶಕ್ಕಾಗಲಿ ಯಾವ ಕೊರತೆಯೂ ಆಗಿರಲಿಲ್ಲ. ಗುಡಗೇರಿಯ ಸಂತೆ ಬಯಲಿನ ಎದುರಿಗೆ ನಮ್ಮದೊಂದು ಕಾಳಿನ ಅಂಗಡಿ. ಹೆಸರು, ಕಡಲೆ, ಅಲಸಂದಿ ಬೊಗಸೆಯಲ್ಲಿ ಹಿಡಿದು, ಹುಳ ಹತ್ತಿದ್ದು ಯಾವುದು, ಹತ್ತಲು ಮನಸ್ಸು ಮಾಡಿದ್ದು ಯಾವುದು ಎಂದು ಹೇಳುವುದು ನನ್ನ ವಿದ್ಯೆ. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲವಾದ್ದರಿಂದ ನಾನು ಯಾವುದಕ್ಕೂ ಅರ್ಜಿ ಹಾಕಿರಲಿಲ್ಲ.

ಪಾಸ್‌ಪೋರ್ಟ್ ಮಾತ್ರ ಇತ್ತು. ಕೆಲವು ವರ್ಷಗಳ ಹಿಂದೆ ಗೆಳೆಯರೆಲ್ಲ ಕೂಡಿ ನೇಪಾಳಕ್ಕೆ ಹೋಗುವುದೆಂದು ತೀರ್ಮಾನಿಸಿದಾಗ ಮುಂಜಾಗ್ರತೆಯಾಗಿ ನಾನು ಮಾಡಿಸಿಟ್ಟಿದ್ದೆ. ನೇಪಾಳಕ್ಕೆ ಅದು ಬೇಕಾಗಿಲ್ಲವೆಂದು ಮಾಡಿಸಿದ ಮೇಲೆ ತಿಳಿಯಿತು. ಪಾಸ್‌ಪೋರ್ಟ್ ಬಂತು, ನೇಪಾಳ ಬರಲಿಲ್ಲ.

ಹೀಗಿರಲು ನನ್ನ ತಂಗಿ ಗೌರವ್ವನ ಮಗಳು ನೀಲಾ ಸ್ವೀಡನ್ನಿನಲ್ಲಿ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಎರಡು ಕಡೆ ಮುರಿದುಕೊಂಡಳು. ಅಲ್ಲೊಂದು ಪ್ರಯೋಗಾಲಯದಲ್ಲಿ ವೈರಸ್ಸುಗಳಿಗೆ ಔಷಧ ಹುಡುಕುವ ಕೆಲಸ ಅವಳದು. ಸುದ್ದಿ ಬಂದ ದಿನವೇ ಗೌರವ್ವ ನಮ್ಮ ಕಟ್ಟೆಗೆ ಬಂದು ನಿಂತಳು.

"ಅಣ್ಣಾ, ನೀ ಹೋಗು."

"ನಾ ಹೋಗಿ ಏನ್ ಮಾಡ್ಲಿ? ಎಲುಬು ಜೋಡಿಸ್ಲೇನು?"

"ಹುಡುಗಿ ಎಡಗೈಲೆ ಬ್ರೆಡ್ ತಿಂದ ಬದಕಾಕತ್ತೈತಿ. ನನಗ ವಿಮಾನ ಅಂದ್ರ ತಲಿ ತಿರಗತೈತಿ. ನಿನ್ನ ತಲಿ ಮೊದ್ಲ ತಿರಗೇತಿ, ನಿನಗೇನಾಗತೈತಿ?"

ಮರುದಿನವೇ ಅರ್ಜಿ ಹಾಕಿದೆ. ವೀಸಾ ಬರುವಷ್ಟರಲ್ಲಿ ಕೈ ಕೂಡಿಕೊಂಡೀತೆಂದು ಒಳಗೊಳಗೇ ಆಸೆಪಟ್ಟೆ. ವೀಸಾ ಬೇಗ ಬಂತು. ಆ ದೇಶದ ಸರ್ಕಾರಕ್ಕೆ ಬೇರೆ ಕೆಲಸವಿಲ್ಲ. ಹೊರಡುವ ಮುಂಜಾನೆ ಗೌರವ್ವ ನನ್ನ ಚೀಲಕ್ಕೆ ಅಗಸಿ ಹಿಂಡಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿಗಳನ್ನೂ ಖಡಕ್ ರೊಟ್ಟಿಗಳನ್ನೂ ತುಂಬಿ, ಮೇಲೆ ನಮ್ಮವ್ವನ ಕಾಲದ ಹನ್ನೆರಡು ಗುಳಿಯ ಬೀಡುಕಬ್ಬಿಣದ ಪಡ್ಡಿನ ಹಂಚನ್ನು ಇಟ್ಟಳು. "ಇದು ಹೆಂಗ ಹೋಗತೈತಿ ಹಂಗ ತಿರುಗಿ ಬರಬೇಕು" ಎಂದಳು. ನಾನು ಹೇಗೆ ಬರಬೇಕೆಂಬುದರ ಬಗ್ಗೆ ಯಾವ ಸೂಚನೆಯೂ ಇರಲಿಲ್ಲ.

ವಿಮಾನ ನಿಲ್ದಾಣ

ಸ್ಟಾಕ್‌ಹೋಮಿನಲ್ಲಿ ಇಳಿದಾಗ ಕಸ್ಟಮ್ಸಿನ ಹೆಣ್ಣುಮಗಳೊಬ್ಬಳು ನನ್ನ ಚೀಲ ಬಿಚ್ಚಿಸಿದಳು. ಹಂಚನ್ನು ಎರಡೂ ಕೈಯಿಂದ ಎತ್ತಿ, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಇಂಗ್ಲಿಷು ಕಾಳಿನ ಚೀಲದ ಮೇಲಿನ ಮುದ್ರೆ ಓದುವಷ್ಟು ಮಾತ್ರ. ಗಂಭೀರವಾಗಿ "ಫುಡ್ ಮಷಿನ್" ಎಂದೆ.

ಮಷಿನ್ ಎಂದದ್ದೇ ತಪ್ಪಾಯಿತು. ಆಕೆ ಅದನ್ನು ಬೋರಲು ಹಾಕಿ ವಾಯರ್ ಎಲ್ಲಿದೆ ಎಂದು ಹುಡುಕಿದಳು. ಇನ್ನೊಬ್ಬನನ್ನು ಕರೆದಳು. ಅವನು ಗುಳಿಗಳನ್ನು ಒಂದೊಂದಾಗಿ ಎಣಿಸಿ, ಹನ್ನೆರಡು ಎಂದು ಖಚಿತಪಡಿಸಿಕೊಂಡು, ಅದರಿಂದೇನೂ ತಿಳಿಯದೆ ಹಂಚನ್ನು ಅವಳಿಗೇ ತಿರುಗಿ ಕೊಟ್ಟ. ಕೊನೆಗೆ ಆಕೆ ಅಗಸಿ ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಮುಂದಿನ ಏಳೆಂಟು ಸೀನುಗಳಲ್ಲಿ ವಿಚಾರಣೆ ಮುಗಿಯಿತು. ನಮ್ಮ ಕಡೆಯಾಗಿದ್ದರೆ ಸೀನಿದವರನ್ನು ಒಂದು ನಿಮಿಷ ಕೂಡಿಸಿ ನೀರು ಕೊಡುತ್ತಿದ್ದೆವು. ಆಕೆ ನನಗೇ "ಥ್ಯಾಂಕ್ ಯೂ" ಅಂದು ಕಳಿಸಿದಳು.

ಬಸ್ಸು

ನೀಲಾ ಇರುವ ಊರು ಅಲ್ಲಿಂದ ಒಂದು ತಾಸಿನ ದಾರಿ. ಕೊರಳಿಗೆ ಕೈ ಕಟ್ಟಿಕೊಂಡು ಕರೆಯಲು ಬಂದಿದ್ದವಳು ನನಗೆ ಒಂದೇ ಎಚ್ಚರಿಕೆ ಕೊಟ್ಟಳು. "ಮಾಮಾ, ಬಸ್ಸಿನ್ಯಾಗ ಯಾರನ್ನೂ ಮಾತಾಡ್ಸಬ್ಯಾಡ್ರಿ."

ಮಾತಾಡಿಸಲಿಲ್ಲ. ಸುಮ್ಮನೆ ಕೂತೆ. ಅವಳು ಟಿಕೆಟು ನೋಡಿಕೊಳ್ಳುತ್ತಿದ್ದಾಗ, ಒಬ್ಬ ಕಿಟಕಿಯ ಬಾಜು ಒಬ್ಬನೇ ಕೂತಿದ್ದ. ಒಬ್ಬನೇ ಕೂತವನ ಬಾಜು ಕೂಡದೆ ಹೋಗುವುದು ನಮ್ಮಲ್ಲಿ ಅವಮಾನ. ನಾನು ಕೂತೊಡನೆ ಆತ ಕಂಬದಂತೆ ನೆಟ್ಟಗಾದ. ಮುಂದಿನ ನಿಲ್ದಾಣದಲ್ಲಿ ಇಳಿದ. ಇಳಿದವನು ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿ ಹಿಂದಿನ ಸೀಟಿನಲ್ಲಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಬಸ್ಸಿನಲ್ಲಿ ಖಾಲಿ ಸೀಟು ಎಂಟು, ಜನ ಇಪ್ಪತ್ತು, ಮಾತು ಸೊನ್ನೆ. ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಾದರೆ ಇಳಿಯುವಷ್ಟರಲ್ಲಿ ಬಾಜು ಕೂತವನ ಮೊಣಕಾಲು ನೋವಿಗೆ ಮೂರು ಔಷಧ, ಅವನ ಮಗಳಿಗೆ ಎರಡು ಗಂಡು ಗೊತ್ತಾಗಿರುತ್ತಿದ್ದವು. ಈ ದೇಶದಲ್ಲಿ ಔಷಧ ಹುಡುಕಲು ಪ್ರಯೋಗಾಲಯ ಏಕೆ ಬೇಕಾಯಿತೆಂದು ನನಗೆ ಆಗಲೇ ಅರ್ಥವಾಯಿತು.

ಬಟ್ಟೆ ಒಗೆಯುವ ಕೋಣೆ

ನೀಲಾಳ ಕಟ್ಟಡದಲ್ಲಿ ಎಲ್ಲರಿಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ಯಾರು ಯಾವ ದಿನ ಯಾವ ತಾಸಿಗೆ ಎಂದು ಗೋಡೆಯ ಪಟ್ಟಿಯಲ್ಲಿ ಗುರುತು ಹಾಕಬೇಕು. ನಾನು ಪಟ್ಟಿಯನ್ನು ಕ್ಯಾಲೆಂಡರ್ ಎಂದುಕೊಂಡು, ನನ್ನ ಎರಡು ಧೋತರಗಳನ್ನು ಹಿಂಡಿ ಕೋಣೆಯ ಉದ್ದಕ್ಕೂ ಒಣಹಾಕಿ ಬಂದೆ. ಸಂಜೆ ಹೋದಾಗ ಧೋತರಗಳು ಇಸ್ತ್ರಿ ಮಾಡಿದಷ್ಟು ಅಚ್ಚುಕಟ್ಟಾಗಿ ಮಡಚಿದ್ದವು, ಮೇಲೊಂದು ಚೀಟಿ. ನೀಲಾ ಓದಿ ಹೇಳಿದಳು: "ಈ ದೋಣಿಯ ಹಾಯಿ ಯಾರದು? ದಯವಿಟ್ಟು ನಿಮ್ಮ ಸರದಿಯಲ್ಲಿ ತೊಳೆಯಿರಿ." ಕೆಳಗೆ ನಗುವ ಮುಖದ ಚಿತ್ರ.

"ಇದು ಭಾಳ ಸಿಟ್ಟಿನ ಚೀಟಿ ಮಾಮಾ" ಎಂದಳು.

"ನಗಾಕತ್ತೈತಲ್ಲ?"

"ಅದಕ್ಕ ಭಾಳ ಸಿಟ್ಟು ಅಂದೆ."

ಪ್ರಯೋಗಾಲಯ

ಅವಳ ಕೈ ಮುರಿದದ್ದರಿಂದ ನಿಂತ ಕೆಲಸ ಅಡುಗೆ ಮಾತ್ರವಲ್ಲ ಎಂಬುದು ಮೂರನೆಯ ದಿನ ತಿಳಿಯಿತು. ಅವಳ ವಿಭಾಗದ ಮುಖ್ಯಸ್ಥ ಲೆನಾರ್ಟ್ ಎಂಬಾತ ನನಗೆ ಕೊರಳಿಗೊಂದು ಚೀಟಿ ಹಾಕಿ ಒಳಗೆ ಬಿಟ್ಟ. ಮನುಷ್ಯ ಎಷ್ಟು ಎತ್ತರವೆಂದರೆ, ನಮಸ್ಕಾರ ಮಾಡಿದರೆ ಅದು ಅವನ ಹೊಟ್ಟೆಗೆ ಸಲ್ಲುತ್ತಿತ್ತು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀಲಾ ನನಗೆ ಊರ ಮಾತಿಗೆ ತಿರುಗಿಸುತ್ತಿದ್ದಳು. ಹೀಗಾಗಿ ನನ್ನ ನೆನಪಿನಲ್ಲಿ ಲೆನಾರ್ಟ್ ಇವತ್ತಿಗೂ ನಮ್ಮ ಕುಂದಗೋಳ ತಾಲೂಕಿನವನೇ.

ವೈರಸ್ಸು ಇರುವ ಕೋಣೆ ಬೇರೆ; ಅಲ್ಲಿಗೆ ಬಾಹ್ಯಾಕಾಶಕ್ಕೆ ಹೋಗುವವರ ವೇಷದಲ್ಲಿ ಹೋಗುತ್ತಾರೆ. ನಮ್ಮದು ಕಂಪ್ಯೂಟರಿನ ಕೋಣೆ. ನೀಲಾ ಒಂದು ಖಾಲಿ ಪ್ಲಾಸ್ಟಿಕ್ ತಟ್ಟೆ ತೋರಿಸಿದಳು. ಅಂಗೈಯಷ್ಟು ತಟ್ಟೆಯಲ್ಲಿ ಮುನ್ನೂರ ಎಂಬತ್ತನಾಲ್ಕು ಗುಳಿಗಳು.

"ಪಡ್ಡಿನ ಹಂಚು" ಎಂದೆ.

"ಹಂಗ ತಿಳ್ಕೋರಿ. ಒಂದೊಂದು ಗುಳಿಯಾಗ ಜೀವಕೋಶ ಬೆಳಸ್ತೀವಿ. ಒಂದೊಂದಕ್ಕ ಒಂದೊಂದು ಔಷಧ. ಆಮ್ಯಾಲೆ ಎಲ್ಲಾದಕ್ಕೂ ವೈರಸ್ಸು. ಎರಡು ದಿನ ಬಿಟ್ಟು ಬಣ್ಣ ಹಾಕಿ ಸೂಕ್ಷ್ಮದರ್ಶಕದಾಗ ಫೋಟೋ. ಯಾವ ಗುಳಿಯಾಗ ಕೋಶ ಬದಕ್ಯಾವು, ಅಲ್ಲಿ ಔಷಧ ಕೆಲಸ ಮಾಡೇತಿ ಅಂತ ಅರ್ಥ."

"ಫೋಟೋ ನೋಡಾವ್ರು ಯಾರು?"

"ಮೊದ್ಲ ಮನಷ್ಯಾರು ನೋಡತಿದ್ರು, ತಿಂಗಳಗಟ್ಟಲೆ. ಈಗ ಯಂತ್ರಕ್ಕ ಕಲಿಸೇವಿ. ಇದು ಆರಾಮ ಐತಿ, ಇದು ಸಾಯಾಕತ್ತೈತಿ ಅಂತ ಸಾವಿರಾರು ಫೋಟೋ ತೋರಿಸಿದ್ರ, ಮುಂದ ತಾನ ಹೇಳತೈತಿ. ಒಂದ ತಾಸಿನ್ಯಾಗ ಸಾವಿರಗಟ್ಟಲೆ."

ಈ ಯಂತ್ರ ಅವಳ ಆರು ತಿಂಗಳ ದುಡಿಮೆ. ಅದು ಒಂದು ಔಷಧವನ್ನು ಪ್ರತಿ ತಟ್ಟೆಯಲ್ಲೂ ಹಾಡಿ ಹೊಗಳುತ್ತಿತ್ತು. ಮುಂದಿನ ವಾರದ ಶುಕ್ರವಾರ ಮೇಲಿನವರ ಸಭೆ. ಯಂತ್ರದ ಮಾತು ನಂಬಬಹುದೆಂದು ಅವರಿಗೆ ಅನ್ನಿಸಿದರೆ ನೀಲಾಳ ಕೆಲಸ ಇನ್ನೊಂದು ವರ್ಷ ಮುಂದುವರಿಯುತ್ತದೆ. ಇಲ್ಲವಾದರೆ ಯಂತ್ರವೂ ಬಂದ್, ಅವಳೂ ಗಂಟುಮೂಟೆ ಕಟ್ಟಬೇಕು. ಸಭೆಗೆ ಮೊದಲು, ಯಂತ್ರ ನೋಡಿದ ಚಿತ್ರಗಳಲ್ಲಿ ಒಂದಷ್ಟನ್ನು ಮನುಷ್ಯನೊಬ್ಬ ನೋಡಿ ತಾಳೆ ಹಾಕಬೇಕಿತ್ತು. ಎಡಗೈಯಲ್ಲಿ ಮೌಸು ಹಿಡಿದರೆ ಅವಳಿಗೆ ಒಂದು ತಿಂಗಳು. ಆದ್ದರಿಂದ ಅವಳು ನೋಡಿ ಹೇಳುವುದು, ನಾನು ಒತ್ತುವುದು.

ಎರಡು ದಿನದಲ್ಲಿ ನಾನು ಅವಳಿಗಿಂತ ಮೊದಲೇ ಹೇಳತೊಡಗಿದೆ. ಆರಾಮಿದ್ದ ಕೋಶಗಳು ಹೊಸ ಹೆಸರುಕಾಳಿನಂತೆ ತುಂಬಿಕೊಂಡು ಒಂದಕ್ಕೊಂದು ಹತ್ತಿ ಕೂತಿರುತ್ತವೆ. ಸಾಯುವವು ಹುಳ ಹತ್ತಿದ ಕಾಳಿನಂತೆ ಸುಕ್ಕಾಗಿ ದೂರ ದೂರ. ನೀಲಾ ನನ್ನ ಉತ್ತರಗಳನ್ನು ಪರೀಕ್ಷಿಸಿ, ನನ್ನನ್ನು ಒಬ್ಬನೇ ಕೂಡಿಸಿದಳು. ಹೀಗೆ ಗುಡಗೇರಿ ಸಂತೆಯ ವಿದ್ಯೆ ಸ್ವೀಡನ್ನಿನ ವಿಜ್ಞಾನಕ್ಕೆ ಸೇರಿತು. ಯಂತ್ರಕ್ಕೂ ನನಗೂ ಇದ್ದ ವ್ಯತ್ಯಾಸ ಇಷ್ಟೇ: ಅದು ಚಹಾ ಕೇಳುತ್ತಿರಲಿಲ್ಲ.

ಕಾಫಿಯ ಹೊತ್ತು

ಅಲ್ಲಿ ದಿನಕ್ಕೆರಡು ಸಲ, ಗಡಿಯಾರ ನೋಡಿ, ಎಲ್ಲರೂ ಕೆಲಸ ಬಿಟ್ಟು ಒಂದು ಮೇಜಿಗೆ ಬಂದು ಕಾಫಿ ಕುಡಿಯುತ್ತಾರೆ. ಕುಡಿಯುವಾಗ ಕೆಲಸದ ಮಾತು ಆಡುವುದು ಅಸಭ್ಯ. ಬೇರೆ ಮಾತೂ ಹೆಚ್ಚಿಲ್ಲ. ಹಿಮ ಬಿದ್ದಿದೆ ಎಂದು ಒಬ್ಬರು, ಹೌದು ಬಿದ್ದಿದೆ ಎಂದು ಇನ್ನೊಬ್ಬರು. ಲೆನಾರ್ಟ್ ನನಗೆ ಕರಿಯ ಪೆಪ್ಪರಮೆಂಟೊಂದನ್ನು ಕೊಟ್ಟ. ಬಾಯಿಗೆ ಹಾಕಿದೆ. ಜ್ಯೇಷ್ಠಮಧು, ಉಪ್ಪು, ಸುಟ್ಟ ಟೈರು. ಉಗುಳಲು ಜಾಗವಿಲ್ಲದ ಸ್ವಚ್ಛ ದೇಶವಾದ್ದರಿಂದ ನುಂಗಿದೆ. ಮೆಚ್ಚಿದನೆಂದು ತಿಳಿದು ಇನ್ನೊಂದು ಕೊಟ್ಟ. ಪ್ರತಿಯಾಗಿ ಏನಾದರೂ ತಿನ್ನಿಸಿ ಋಣ ತೀರಿಸಬೇಕೆಂದು ಅವತ್ತೇ ಶಪಥ ಮಾಡಿದೆ.

ಕಂಪ್ಯೂಟರಿನ ಕೋಣೆಗೆ ಮರಳಿದ ಮೇಲೆ ನಮ್ಮ ಜಗಳ ಶುರುವಾಯಿತು. ಯಂತ್ರವೂ ನಾನೂ ಬಹುತೇಕ ಚಿತ್ರಗಳಲ್ಲಿ ಒಮ್ಮತದವರು. ಕೆಲವು ಚಿತ್ರಗಳಲ್ಲಿ ಮಾತ್ರ ನಾನು ಸಾಯುತ್ತಿದೆ ಎಂದರೆ ಯಂತ್ರ ಆರಾಮಿದೆ ಎನ್ನುತ್ತಿತ್ತು. ಅವುಗಳಲ್ಲಿ ಆ ಹೊಗಳಿಸಿಕೊಂಡ ಔಷಧದ ಚಿತ್ರಗಳೂ ಇದ್ದವು.

"ಇದು ಬಾಡಿದ ಕಾಳು ಬೇ ನೀಲವ್ವಾ. ಆರಾಮ ಹೆಂಗಾತು?"

"ಮಾಮಾ, ಇದು ಹೆಸರಕಾಳಲ್ಲ."

"ನಿನ್ನ ಯಂತ್ರಕ್ಕ ಚಾಳೀಸ ಬಂದಿರ್ಬೇಕು."

"ನಿಮಗ ಬಂದೈತಿ. ಕನ್ನಡಕ ಒರಿಸಿಕೊಂಡು ನೋಡ್ರಿ."

ಒರೆಸಿಕೊಂಡು ನೋಡಿದೆ. ಕಾಳು ಬಾಡಿಯೇ ಇತ್ತು. ಆದರೆ ಎದುರಿಗಿದ್ದದ್ದು ಆರು ತಿಂಗಳ ವಿದ್ಯೆ. ನನ್ನದು ನಾಲ್ಕು ದಿನದ್ದು. ಮುಂದಿನ ಚಿತ್ರ ಒತ್ತಿದೆ.

ಶನಿವಾರ

ಸೋಮವಾರದ ಕಾಫಿಗೆ ಎಲ್ಲರಿಗೂ ಪಡ್ಡು ತಿನ್ನಿಸುವುದೆಂದು ನಿಶ್ಚಯಿಸಿ, ಶನಿವಾರ ಮುಂಜಾನೆ ಮನೆಯಲ್ಲಿ ರಿಹರ್ಸಲ್ ಇಟ್ಟೆ. ಹಿಟ್ಟು ಹುದುಗಲು ಆ ಚಳಿಗೆ ಎರಡು ದಿನ ಹಿಡಿದಿತ್ತು. ಕರೆಂಟಿನ ಒಲೆ; ಕಾವು ನಡುವೆ ಮಾತ್ರ. ನೀಲಾ ಎಡಗೈಯಲ್ಲಿ ಸೌಟು ಹಿಡಿದು ಹಿಟ್ಟು ಹೊಯ್ಯತೊಡಗಿದಳು. ಹಿಡಿಕೆಯ ಬಾಜುವಿನ ಅಂಚಿನ ಗುಳಿಯಿಂದ ಶುರು.

"ಲಾಭ, ಎರಡು, ಮೂರು, ನಾಕು…"

ನಮ್ಮ ಅಂಗಡಿಯಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ರಾಶಿಯಲ್ಲಿ ಮೊದಲ ಅಳತೆ ಶುಭವಾಗಲಿ ಎಂದು. ಅವಳ ಅಜ್ಜ ಹಾಗೆಯೇ ಅಳೆಯುತ್ತಿದ್ದ, ನಾನೂ ಹಾಗೆಯೇ. ಅವಳು ಎಂಟು ವರ್ಷದವಳಿದ್ದಾಗ ಅಂಗಡಿಯ ಕಟ್ಟೆಯ ಮೇಲೆ ಕೂತು ನಮ್ಮೊಂದಿಗೆ ಎಣಿಸುತ್ತಿದ್ದಳು. ವಿಜ್ಞಾನದಲ್ಲಿ ಡಾಕ್ಟರೇಟ್ ಆದರೂ ಅದು ಬಾಯಿಂದ ಹೋಗಿಲ್ಲವೆಂದು ನನಗೆ ಹೆಮ್ಮೆಯೆನಿಸಿತು.

ನಡುವಿನ ಪಡ್ಡುಗಳು ಇದ್ದಿಲಾದವು. ಅಂಚಿನವು ಬೆಳ್ಳಗೆ ಹಸಿಯಾಗಿ ಉಳಿದವು. ಹಿಟ್ಟು ಒಂದೇ, ಉಪ್ಪು ಒಂದೇ, ಸೌಟು ಒಂದೇ.

"ನಿನ್ನ ಯಂತ್ರ ಇದನ್ನ ನೋಡಿದ್ರ ಎರಡು ನಮೂನಿ ಹಿಟ್ಟು ಅಂತಿತ್ತು" ಎಂದು ಸುಮ್ಮನೆ ಚುಚ್ಚಿದೆ. ಆಮೇಲೆ ನನಗೇ ಒಂದು ಪ್ರಶ್ನೆ ಹೊಳೆಯಿತು. "ಅಲ್ಲ ಬೇ, ನಾವು ಜಗಳಾಡಿದ ಫೋಟೋ ಇದ್ದುವಲ್ಲ, ಅವು ನಿಮ್ಮ ತಟ್ಟಿಯಾಗ ಎಲ್ಲಿ ಕೂತಿದ್ವು? ನಡಕೋ, ಅಂಚಿಗೋ?"

ನೀಲಾ ಸೌಟು ಹಿಡಿದ ಕೈಯಲ್ಲೇ ಕಂಪ್ಯೂಟರ್ ತೆರೆದಳು. ನೋಡಿದಳು. ಕೂತುಬಿಟ್ಟಳು.

"ಎಲ್ಲಾ ಅಂಚಿಗೆ."

ಆಮೇಲೆ ಅವಳು ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ತಟ್ಟೆಯ ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುತ್ತದೆ, ಕೋಶಗಳು ಸ್ವಲ್ಪ ಬಾಡುತ್ತವೆ. ವೈರಸ್ಸು ತಾಗಿಸದ ಆರೋಗ್ಯವಂತ ಕೋಶಗಳನ್ನು, ಮೈಲಿಗೆ ತಾಗಬಾರದೆಂಬ ಮಡಿಯವರಂತೆ, ಅವಳು ದೂರ ಅಂಚಿನ ಸಾಲಿನಲ್ಲಿ ಇಟ್ಟಿದ್ದಳು. ಅವನ್ನೇ ನೋಡಿ ಯಂತ್ರ ಕಲಿತದ್ದು ಆರೋಗ್ಯವನ್ನಲ್ಲ, ಅಂಚನ್ನು. ಬಾಡಿದ್ದೆಲ್ಲ ಅದಕ್ಕೆ ಆರೋಗ್ಯ.

"ಹಂಗಾದ್ರ ಆ ಹೊಗಳಿಸಿಕೊಂಡ ಔಷಧ?"

"ಬ್ಯಾರೆ ಎಲ್ಲಾ ಔಷಧ ತಟ್ಟಿಗೊಂದು ಜಾಗಾ ಬದಲಿ ಮಾಡೇನಿ ಮಾಮಾ. ಅದೊಂದು ಮಾತ್ರ…" ಅವಳು ಹಂಚಿನ ಮೊದಲ ಗುಳಿಯನ್ನೇ ನೋಡುತ್ತಿದ್ದಳು. "ಅದರ ಮ್ಯಾಲೆ ನನಗ ಭಾಳ ಆಸೆ ಇತ್ತು. ಪ್ರತಿ ತಟ್ಟಿಗೂ ಮೊದಲನೇ ಗುಳಿಗೆ ಅದನ್ನ ಹಾಕ್ಸೇನಿ. ಅಂಚಿನ ಮೂಲಿಗೆ."

"ಲಾಭಕ್ಕ?"

"ಲಾಭಕ್ಕ."

ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಎಷ್ಟೋ ಬಗೆಯ ತಪ್ಪುಗಳಾಗುತ್ತಿರಬಹುದು. ಇದು ಮಾತ್ರ ಗುಡಗೇರಿಯಲ್ಲಿ ಕಾಳು ಅಳೆದವರಿಗೇ ಸಾಧ್ಯ.

"ಲೆನಾರ್ಟಗ ಹೇಳಿದ್ರ ಯಂತ್ರ ಬಂದ್. ನನ್ನ ಕೆಲಸಾನೂ ಹೋತು. ಸಭಾ ಮುಗಿಯೂಮಟ ಸುಮ್ಮನಿದ್ರ ಹೆಂಗ ಮಾಮಾ?"

ನಾನು ಗಂಟಲು ಸರಿಪಡಿಸಿಕೊಂಡು, ಅಂಗಡಿಯ ಗಾದಿಯ ಮೇಲೆ ಕೂತ ಗತ್ತಿನಲ್ಲಿ ಹೇಳಿದೆ: "ಹುಳದ ಚೀಲ ಅಂತ ಗೊತ್ತಿದ್ದೂ ಬಾಯಿ ಹೊಲದು ಕೊಟ್ರ, ಆಮ್ಯಾಲೆ ಹುಳ ಚೀಲದಾಗ ಇರೂದಿಲ್ಲ ಬೇ. ಅಂಗಡಿಯಾಗ ಇರತೈತಿ."

"ಮಾಮಾ, ಪುರಾಣ ಸಾಕ್ರಿ. ಪಡ್ಡು ಸುಡಾಕತ್ತಾವು."

ಸೋಮವಾರ

ಕಾಫಿಯ ಮೇಜಿನ ಮೇಲೆ ಹಂಚು ಇಟ್ಟೆವು, ಕಪ್ಪು ಬಿಳಿ ಪಡ್ಡುಗಳ ಸಮೇತ. ನೀಲಾ ಆ ದೇಶದ ಪರಮ ನಿಯಮವನ್ನು ಮುರಿದು, ಕಾಫಿಯ ಹೊತ್ತಿನಲ್ಲಿ ಕೆಲಸದ ಮಾತೆತ್ತಿದಳು. ಒಂದೊಂದು ಪಡ್ಡನ್ನೂ ಎತ್ತಿ ತೋರಿಸುತ್ತ, ಅಂಚು, ನಡು, ಬಾಡಿದ ಕೋಶ, ಲಾಭ, ಎಲ್ಲವನ್ನೂ ಹೇಳಿದಳು. ಬಸ್ಸಿನಲ್ಲಿ ಕಂಡ ಮೌನ ಇದರ ಮುಂದೆ ಸಂತೆ. ಲೆನಾರ್ಟ್ ಬಿಳಿಯ ಪಡ್ಡೊಂದನ್ನು ತಿಂದ. ಕರಿಯದೊಂದನ್ನು ತಿಂದ. ಅಗಸಿ ಹಿಂಡಿ ಮುಟ್ಟಿ, ಕಣ್ಣು ಒರೆಸಿಕೊಂಡ. ಅಳುತ್ತಿದ್ದಾನೋ ಖಾರವೋ ತಿಳಿಯದೆ ನೀಲಾ ತುಟಿ ಕಚ್ಚಿಕೊಂಡು ನಿಂತಿದ್ದಳು.

ಕೊನೆಗೆ ಅವನು ಒಂದು ಮಾತು ಕೇಳಿದ. ನೀಲಾ ತಿರುಗಿಸಿದಳು: "ಲಾಭ ಆದ ಮ್ಯಾಲೆ ಎರಡರಿಂದ ಎಣಸ್ತೀರೋ, ಒಂದರಿಂದೋ ಅಂತ ಕೇಳಾಕತ್ತಾನ."

"ಎರಡರಿಂದ" ಎಂದೆ.

ತಲೆಯಾಡಿಸಿ, ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನ ಇದೆ ಎಂದು ಹೇಳಿ ಎದ್ದು ಹೋದ. ಬೈಗುಳವೋ ಅಪ್ಪಣೆಯೋ ನನಗೆ ಗೊತ್ತಾಗಲಿಲ್ಲ. ನೀಲಾ ಆಗಲೇ ಓಡಿದ್ದಳು.

ಶುಕ್ರವಾರ

ಹೊಸ ತಟ್ಟೆಗಳ ಅಂಚಿನ ಗುಳಿಗಳಿಗೆಲ್ಲ ಬರೀ ನೀರು ತುಂಬಿಸಿದರು. ಆರೋಗ್ಯದ ಕೋಶ, ರೋಗದ ಕೋಶ, ಔಷಧಗಳು ಎಲ್ಲವೂ ನಡುವೆ, ಚೀಟಿ ಎತ್ತಿದಂತೆ ಕಲಸಿ. ಗುರುವಾರ ಬಂದ ಚಿತ್ರಗಳಲ್ಲಿ ಅರ್ಧ ತೋರಿಸಿ ಯಂತ್ರಕ್ಕೆ ಮತ್ತೆ ಪಾಠ, ಉಳಿದರ್ಧ ಅದಕ್ಕೆ ಪರೀಕ್ಷೆ. ಅದೇ ಚಿತ್ರಗಳಿಗೆ ನನಗೂ ಪರೀಕ್ಷೆ, ಬೇರೆ ಕೋಣೆಯಲ್ಲಿ, ಒಬ್ಬರ ಉತ್ತರ ಒಬ್ಬರು ನೋಡದಂತೆ. ಯಂತ್ರ ನನ್ನದನ್ನು ನಕಲು ಮಾಡೀತೆಂದು ನನಗೆ ಸಂಶಯವಿತ್ತು.

ಶುಕ್ರವಾರದ ಸಭೆಯಲ್ಲಿ ಐದು ಜನ ಹಿರಿಯರು; ಚಿತ್ರ ನೋಡಿದ ಮನುಷ್ಯನೆಂದು ನನ್ನನ್ನೂ ನೀಲಾಳ ಬಾಜು ಕೂಡಿಸಿದ್ದರು. ನೀಲಾ ಎದ್ದು ನಿಂತು, ತನ್ನ ಯಂತ್ರ ಆರು ತಿಂಗಳು ಅಂಚನ್ನೇ ಆರೋಗ್ಯವೆಂದು ನಂಬಿತ್ತು, ತಾನೂ ನಂಬಿದ್ದೆ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟಳು. ಲಾಭದ ಔಷಧ ನಡುವೆ ಬಂದೊಡನೆ ನಡೆಯಲಿಲ್ಲ. ಅದನ್ನು ಪಟ್ಟಿಯಿಂದ ತೆಗೆದೆ ಎಂದಳು. ಆದರೆ ಈಗ ಯಂತ್ರವೂ ಮನುಷ್ಯನೂ ಬೇರೆ ಬೇರೆ ಕೂತು ಬಹುಮಟ್ಟಿಗೆ ಒಂದೇ ಮಾತು ಹೇಳಿದ್ದಾರೆ. ಇಬ್ಬರೂ ಆರಾಮಿದೆ ಎಂದ ಗುಳಿಗಳಲ್ಲಿ ಯಾರೂ ಆಸೆ ಇಟ್ಟುಕೊಂಡಿರದ ಒಂದು ಔಷಧವಿದೆ. ಅದನ್ನು ಇನ್ನೂ ಹಲವು ಸಲ ನೋಡಬೇಕು ಎಂದಳು.

ಹಿರಿಯರು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡರು. ಒಬ್ಬಾಕೆ ಮೂರು ಶಬ್ದ ಹೇಳಿ ಫೈಲು ಮುಚ್ಚಿದಳು. ನೀಲಾಳ ಮುಖ ಕೆಂಪಾಯಿತು.

"ಏನಂದ್ಲು?" ಎಂದು ಪಿಸುಗುಟ್ಟಿದೆ.

"ಅಷ್ಟೇನ್ ದಡ್ಡತನ ಅಲ್ಲ, ಅಂದ್ಲು."

"ಅಯ್ಯ, ಹಿಂಗ್ಯಾಕ ಬೈತಾಳ?"

"ಬೈಗಳಲ್ಲ ಮಾಮಾ. ಇಲ್ಲೆ ಇದಕ್ಕಿಂತ ಹೆಚ್ಚಿನ ಹೊಗಳಿಕಿ ಇಲ್ಲ. ಒಂದು ವರ್ಷ ಕೊಟ್ರು." ಹೇಳುತ್ತ ಬಲಗೈಯ ಪಟ್ಟಿಯಿಂದಲೇ ಕಣ್ಣು ಒರೆಸಿಕೊಂಡು, ನೋವಾಗಿ "ಯವ್ವಾ" ಎಂದಳು. ಐದೂ ಜನ ತಿರುಗಿ ನೋಡಿದರು. ನಾನು ನಮಸ್ಕಾರ ಮಾಡಿದೆ.

ಮತ್ತೆ ಗುಡಗೇರಿ

ಪಟ್ಟಿ ಬಿಚ್ಚುವವರೆಗೆ ಇದ್ದು ತಿರುಗಿ ಬಂದೆ. ಗೌರವ್ವ ಮೊದಲು ಮಗಳ ಕೈಯ ಬಗ್ಗೆ ಕೇಳಿದಳು, ಆಮೇಲೆ ಅವಳ ಕೆಲಸದ ಬಗ್ಗೆ. ಎರಡೂ ಕೂಡಿಕೊಂಡಿವೆ ಎಂದೆ.

"ಔಷಧ ಸಿಕ್ತೇನು?"

"ಇಲ್ಲ. ಸುಳ್ಳ ಔಷಧ ಸಿಗೂದು ತಪ್ಪಿತು."

"ಅದಕ್ಕ ಅಲ್ಲೀಮಟ ಹೋಗಬೇಕಾಗಿತ್ತೇನು?" ಎಂದು ನನ್ನ ಚೀಲ ಬಿಚ್ಚಿದಳು. ತಳದವರೆಗೂ ಕೈ ಹಾಕಿದಳು. ಕರಿಯ ಪೆಪ್ಪರಮೆಂಟಿನ ದೊಡ್ಡ ಪೊಟ್ಟಣ ಸಿಕ್ಕಿತು. "ಹಂಚೆಲ್ಲಿ?"

ಹಂಚನ್ನು ಲೆನಾರ್ಟ್ ಕೇಳಿ ಇಸಿದುಕೊಂಡು ಕಂಪ್ಯೂಟರಿನ ಕೋಣೆಯ ಗೋಡೆಗೆ ತೂಗುಹಾಕಿದ್ದಾನೆ. ಕೆಳಗೊಂದು ಚೀಟಿ: ಹೊಸಬರು ಯಂತ್ರಕ್ಕೆ ಕಲಿಸುವ ಮೊದಲು ಇದನ್ನು ನೋಡತಕ್ಕದ್ದು. ವಿಜ್ಞಾನಕ್ಕೆ ನಮ್ಮ ಮನೆತನದ ಕೊಡುಗೆಯೆಂದು ನಾನು ಇದನ್ನು ವಿವರಿಸಿದೆ. ಗೌರವ್ವ ಎರಡು ದಿನ ಮಾತು ಬಿಟ್ಟಳು. ಸ್ವೀಡನ್ನಿನ ಅಭ್ಯಾಸವಿದ್ದುದರಿಂದ ನನಗೆ ಕಷ್ಟವಾಗಲಿಲ್ಲ.

ಮೂರನೆಯ ದಿನ ಬಾಜು ಮನೆಯಿಂದ ಹಂಚು ಇಸಿದುಕೊಂಡು ಬಂದು, ನನ್ನ ಎದುರಿಗೇ ಒಲೆ ಹೊತ್ತಿಸಿದಳು. ಹಿಡಿಕೆಯ ಬಾಜುವಿನ ಗುಳಿಗೆ ಹಿಟ್ಟು ಹೊಯ್ದು "ಲಾಭ" ಎಂದಳು. ಬೇಯುತ್ತಲೇ ಆ ಒಂದನ್ನೇ ಕಿತ್ತು ನನ್ನ ತಾಟಿಗೆ ಹಾಕಿದಳು.

"ತಿನ್ನು. ದೂರ ಹೋಗಿ ಬಂದೀಯಲ್ಲ, ಮೊದಲಿನದು ನಿನಗ."

ಮುರಿದು ನೋಡಿದೆ. ಒಳಗೆ ಹಸಿ. ನೀಲಾಳ ಹಳೆಯ ಯಂತ್ರವಾಗಿದ್ದರೆ ಆರಾಮಿದೆ ಎನ್ನುತ್ತಿತ್ತು. ಗೌರವ್ವ ಕೈಯಲ್ಲಿ ಸೌಟು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಆರಾಮೈತಿ" ಎಂದೆ.